ಗ್ರಾನೈಟ್ ಆಮೇಲೆ, ಮೊದಲು ಹಂಚು ಕೈಯಾಡಿಸಿ

ನಮ್ಮಪ್ಪ ಗದಗದಲ್ಲಿ ಗೌಂಡಿಯಾಗಿದ್ದರು. ನಾನು ಸಿವಿಲ್ ಎಂಜಿನಿಯರಿಂಗ್ ಓದಿ, ಇಪ್ಪತ್ತಾರು ವರ್ಷ ಬ್ಯಾಂಕುಗಳಿಗೆ ಮನೆಗಳ ಬೆಲೆ ಕಟ್ಟಿಕೊಡುವ ಕೆಲಸ ಮಾಡಿದೆ. ಈಗ ಧಾರವಾಡದಲ್ಲಿ ಮನೆಯಲ್ಲೇ ಇದ್ದೇನೆ, ಪತ್ರ ಓದಲು ಪುರಸೊತ್ತು ಇದೆ. ಕಡಿಮೆ ಖರ್ಚಿನಲ್ಲಿ ಮನೆ ಸುಧಾರಿಸುವುದು, ಬೆಲೆ ಹೆಚ್ಚಿಸುವುದು ಹೇಗೆ ಎಂದು ಬಂದ ಪತ್ರಗಳಿಗೆ ಈ ತಿಂಗಳು ಉತ್ತರ ಬರೆದಿದ್ದೇನೆ. ಪತ್ರಗಳನ್ನು ಚಿಕ್ಕದು ಮಾಡಿದ್ದೇನೆ, ಬರೆದವರ ಹೆಸರು ಹಾಕಿಲ್ಲ. ಹಿಂದೊಮ್ಮೆ ಹೆಸರು ಹಾಕಿದ್ದಕ್ಕೆ ಒಬ್ಬರ ಮನೆ ಬಾಗಿಲಿಗೆ ಒಂದೇ ದಿನ ಮೂವರು ಏಜೆಂಟರು ಹೋಗಿದ್ದರಂತೆ.

ನಾನು ನಿವೃತ್ತ ಶಿಕ್ಷಕಿ. ಮಾಳಮಡ್ಡಿಯಲ್ಲಿ ನಮ್ಮದು ಹಳೆಯ ಹಂಚಿನ ಮನೆ. ಮುಂದೆ ಎರಡು ಆರ್‌ಸಿಸಿ ಕೋಣೆ ಸೇರಿಸಿದ್ದೇವೆ. ಇನ್ನೆರಡು ವರ್ಷದಲ್ಲಿ ಮಾರಿ, ಪುಣೆಯಲ್ಲಿರುವ ಮಗನ ಹತ್ತಿರ ಹೋಗುವ ವಿಚಾರವಿದೆ. ಅದಕ್ಕೆ ಮೊದಲು ಗ್ರಾನೈಟ್, ಮಾಡ್ಯುಲರ್ ಕಿಚನ್, ಹಾಲ್‌ಗೆ ಪಿಒಪಿ ಸೀಲಿಂಗ್ ಮಾಡಿಸಿದರೆ ಒಳ್ಳೆ ಬೆಲೆ ಬರುತ್ತದೆ ಎನ್ನುತ್ತಾನೆ ಮಗ. ಆರು ಲಕ್ಷ ಆಗುತ್ತದಂತೆ. ಮಾಡಿಸಲೇ? — ಧಾರವಾಡ

ಅಕ್ಕೋರೇ, ಬೇಡ. ಯಾಕೆ ಬೇಡ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಈ ಉತ್ತರವನ್ನು ಮಗನಿಗೂ ಓದಲು ಕೊಡಿ.

ನಾವು ಬೆಲೆ ಕಟ್ಟಲು ಹೋದಾಗ ಎರಡು ಲೆಕ್ಕ ಬೇರೆ ಬೇರೆ ಹಾಕುತ್ತಿದ್ದೆವು. ಒಂದು ಜಾಗದ್ದು, ಇನ್ನೊಂದು ಕಟ್ಟಡದ್ದು. ಜಾಗದ ಬೆಲೆ ವರ್ಷ ವರ್ಷ ಏರುತ್ತದೆ, ಕಟ್ಟಡದ್ದು ಇಳಿಯುತ್ತದೆ. ಆರ್‌ಸಿಸಿ ಮನೆಗೆ ಸಾಮಾನ್ಯವಾಗಿ 60 ವರ್ಷ ಆಯಸ್ಸು ಹಿಡಿಯುತ್ತಾರೆ. ಕೊನೆಗೆ ಶೇ 10ರಷ್ಟು ಬೆಲೆ ಉಳಿಯುತ್ತದೆ ಎಂದುಕೊಂಡು, ಮಿಕ್ಕ ಶೇ 90ನ್ನು ಆ ಅರವತ್ತು ವರ್ಷಕ್ಕೆ ಹಂಚುತ್ತಾರೆ. ಹಾಗಾದರೆ 30 ವರ್ಷದ ಮನೆಯ ಕಟ್ಟಡದ ಬೆಲೆಯಲ್ಲಿ ಶೇ 45 ಆಗಲೇ ಹೋಗಿರುತ್ತದೆ. ನಿಮ್ಮ ಹಂಚಿನ ಭಾಗ ಆ ಲೆಕ್ಕದಲ್ಲಿ ಹೆಚ್ಚುಕಡಿಮೆ ತಳಕ್ಕೇ ಬಂದಿರುತ್ತದೆ. ಮಾಳಮಡ್ಡಿಯಲ್ಲಿ ಜನ ಹಣ ಕೊಡುವುದು ಜಾಗಕ್ಕೆ. ತೆಗೆದುಕೊಂಡವರು ಮನೆ ಕೆಡವಿದರೆ ನಿಮ್ಮ ಆರು ಲಕ್ಷ ಜೆಸಿಬಿ ಬಾಯಿಗೆ. ಕೆಡವದೆ ವಾಸಕ್ಕೆ ಬಂದರೂ ಅಷ್ಟೇ, ನೀವು ಹಾಕಿಸಿದ ಬಣ್ಣದ ಗ್ರಾನೈಟ್ ಅವರಿಗೆ ಹಿಡಿಸುವುದಿಲ್ಲ.

ಹಾಗಂತ ಏನೂ ಮಾಡಬೇಡಿ ಅಂತಲ್ಲ. ಮನೆ ನೋಡಲು ಬಂದವರ ಜೊತೆ ನಾನು ಎಷ್ಟೋ ಸಲ ನಿಂತಿದ್ದೇನೆ. ಹೊಸ್ತಿಲು ದಾಟಿದ ಕೂಡಲೇ ಅವರು ಮೂಗು ಎಳೆಯುತ್ತಾರೆ. ಥಂಡಿ ಹಿಡಿದ ಗೋಡೆಯ ವಾಸನೆ ಬಂತೋ, ಮುಖ ಸಪ್ಪಗಾಗುತ್ತದೆ. ಆಮೇಲೆ ತಲೆ ಎತ್ತಿ ಮಾಳಿಗೆ ನೋಡುತ್ತಾರೆ. ಬಚ್ಚಲಿಗೆ ಹೋಗಿ ನಳ ತಿರುವುತ್ತಾರೆ. ಹೆಂಗಸರಾದರೆ ಅಡಿಗೆಮನೆಯ ಕಿಟಕಿ ತೆಗೆದು ಹಿತ್ತಲು ನೋಡುತ್ತಾರೆ. ಇಷ್ಟಕ್ಕೆ ಹತ್ತು ನಿಮಿಷವೂ ಬೇಡ. ಪಿಒಪಿಯನ್ನು ಹೊಗಳುತ್ತಾರೆ ನಿಜ, ಆದರೆ ಅದಕ್ಕೆ ಬೇರೆ ದುಡ್ಡು ಕೊಟ್ಟವರನ್ನು ನಾನು ನೋಡಿಲ್ಲ.

ಹಾಗಾಗಿ ಮೊದಲು ಹಂಚು. ಏಪ್ರಿಲ್ ಕೊನೆಗೆ ಒಬ್ಬ ಒಳ್ಳೆ ಆಳನ್ನು ಹಿಡಿದು ಪೂರ್ತಿ ಕೈಯಾಡಿಸಿ, ಅಂದರೆ ಹಂಚನ್ನೆಲ್ಲ ತೆಗೆದು ಮತ್ತೆ ಜೋಡಿಸಿ. ಒಡೆದ ಹಂಚು, ಗೆದ್ದಲು ತಿಂದ ರೀಪು (ಹಂಚು ಕೂರುವ ಮರದ ಪಟ್ಟಿ) ಬದಲಾಗಲಿ. ಒಂದು ಹಂಚನ್ನು ಮಗುಚಿ ನೋಡಿ, ಅದರ ಮೇಲೆ ಕಾರ್ಖಾನೆಯ ಮುದ್ರೆ ಇರುತ್ತದೆ. ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ 1865ರಲ್ಲಿ ಹಂಚಿನ ಕಾರ್ಖಾನೆ ಹಾಕಿದ ಮೇಲೆ ಎಷ್ಟೋ ಕಾರ್ಖಾನೆಗಳು ಬಂದವು. ಒಂದೊಂದರ ಅಚ್ಚಿನಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಇರುತ್ತದೆ. ಹೊಸ ಹಂಚು ಹಳೆಯದರ ತೋಡಿಗೆ ಸರಿಯಾಗಿ ಕೂರದಿದ್ದರೆ ಅಲ್ಲೇ ಸೋರುತ್ತದೆ. ಅದಕ್ಕೇ ಕೆಡವಿದ ಮನೆಗಳ ಹಂಚು ಮಾರುವವರ ಹತ್ತಿರ ಹೋಗಿ, ನಿಮ್ಮ ಹಂಚಿನ ಮುದ್ರೆ ತೋರಿಸಿ, ಅದೇ ಅಚ್ಚಿನದ್ದು ತನ್ನಿ. ಬೆಲೆಯೂ ಕಡಿಮೆ. ಅದೇ ಅಳತೆಯ ಗಾಜಿನ ಹಂಚು ಸಿಕ್ಕರೆ ಅಡಿಗೆಮನೆಗೆ ಎರಡು, ನಡುಮನೆಗೆ ಎರಡು ಹಾಕಿಸಿ. ಹಗಲಲ್ಲಿ ಲೈಟ್ ಬೇಕಾಗುವುದಿಲ್ಲ.

ಹಂಚಿನ ಇಳಿಜಾರು ಆರ್‌ಸಿಸಿ ಗೋಡೆಗೆ ತಾಗುವ ಕಡೆ ಒಂದು ಸಂದು ಇರುತ್ತದೆ. ನೀವು ಬರೆದಿಲ್ಲ, ಆದರೂ ಪಂದ್ಯ ಕಟ್ಟುತ್ತೇನೆ, ನಿಮ್ಮ ಮನೆ ಸೋರುವುದು ಅಲ್ಲೇ. ಅಲ್ಲಿ ಸಿಮೆಂಟ್ ಮೆತ್ತಿದರೆ ಒಂದೇ ಬೇಸಿಗೆಗೆ ಬಿರಿಯುತ್ತದೆ. ಗೋಡೆಗೆ ಅಂಗುಲದಷ್ಟು ತೋಡು ಕೊರೆದು, ತಗಡಿನ ಪಟ್ಟಿಯ ಒಂದು ಅಂಚನ್ನು ಅದರೊಳಗೆ ಸೇರಿಸಿ, ಇನ್ನೊಂದು ಅಂಚು ಹಂಚಿನ ಮೇಲೆ ಇಳಿಯುವಂತೆ ಬಗ್ಗಿಸಬೇಕು.

ಬಚ್ಚಲಿಗೆ ಸ್ವಲ್ಪ ಧಾರಾಳವಾಗಿ ಖರ್ಚು ಮಾಡಿ. ಗೋಡೆಗೆ ಏಳು ಅಡಿ ಟೈಲ್ಸ್, ನೀರಿಗೆ ಕೊಳೆಯದ ಬಾಗಿಲು, ಹೊಸ ನಳ, ಒಂದು ಎಕ್ಸಾಸ್ಟ್ ಫ್ಯಾನ್. ಅಡಿಗೆಮನೆಯ ಕಡಪಾ ಕಟ್ಟೆ ಇರಲಿ, ಸಿಂಕ್ ಮತ್ತು ನಳ ಬದಲಿಸಿದರೆ ಸಾಕು. ನೆಲಕ್ಕೆ ಶಹಾಬಾದ್ ಫರಸಿ ಕಲ್ಲು ಇದೆ ಎಂದು ಬರೆದಿದ್ದೀರಿ. ದಯವಿಟ್ಟು ಅದರ ಮೇಲೆ ಟೈಲ್ಸ್ ಹಾಕಬೇಡಿ! ಮಷಿನ್ ಪಾಲಿಶ್ ಮಾಡಿಸಿ, ಸಂದು ತುಂಬಿಸಿ. ಈಗ ಅಂಥದ್ದನ್ನು ಹುಡುಕಿಕೊಂಡು ಬರುವವರಿದ್ದಾರೆ.

ಸಾಗವಾನಿ ಬಾಗಿಲಿಗೆ ಯಾರೋ ಪುಣ್ಯಾತ್ಮರು ಹಸಿರು ಎನಾಮೆಲ್ ಬಳಿದಿದ್ದಾರಂತೆ. ಅದನ್ನು ಕೆರೆಸಿ, ಬಣ್ಣಕ್ಕೆ ಬಳಸುವ ಕಾಯಿಸಿದ ಅಗಸಿ ಎಣ್ಣೆಗೆ ಸ್ವಲ್ಪ ಟರ್ಪಂಟೈನ್ ಸೇರಿಸಿ ಬಟ್ಟೆಯಿಂದ ಉಜ್ಜಿ. ಒಂದು ಎಚ್ಚರಿಕೆ. ಉಜ್ಜಿದ ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸಿ ಎಣ್ಣೆ ಆರುವಾಗ ಬಿಸಿಯಾಗುತ್ತದೆ, ಮುದ್ದೆಯಾದ ಬಟ್ಟೆಗೆ ತಾನಾಗೇ ಬೆಂಕಿ ಹತ್ತಬಹುದು. ಬಿಡಿಸಿ ಹಗ್ಗದ ಮೇಲೆ ಒಣಹಾಕಿ.

ಇಷ್ಟೆಲ್ಲ ಆದ ಮೇಲೆ ಸುಣ್ಣ ಬಣ್ಣ. ಆರು ಲಕ್ಷದ ಅರ್ಧವೂ ಆಗುವುದಿಲ್ಲ. ಉಳಿದದ್ದನ್ನು ಬ್ಯಾಂಕಿನಲ್ಲಿಡಿ, ಪುಣೆಯಲ್ಲಿ ಬೇಕಾಗುತ್ತದೆ.

ಗೋಕುಲ ರಸ್ತೆ ಕಡೆಯ ಒಂದು ಲೇಔಟ್‌ನಲ್ಲಿ ಒಂಬತ್ತು ವರ್ಷದ ಹಿಂದೆ ಮನೆ ಕಟ್ಟಿಸಿದೆವು. ಕಿಟಕಿಗಳ ಮೂಲೆಯಿಂದ ಓರೆಯಾಗಿ ಬಿರುಕು ಬಿಟ್ಟಿದೆ. ಪ್ರತಿ ದೀಪಾವಳಿಗೆ ಪುಟ್ಟಿ ತುಂಬಿಸಿ ಬಣ್ಣ ಹಚ್ಚುತ್ತೇವೆ, ಬೇಸಿಗೆಗೆ ಮತ್ತೆ ಬಿಡುತ್ತದೆ. ಮನೆ ಬೀಳುತ್ತದಾ? ಮಾರಿದರೆ ಯಾರಾದರೂ ತೆಗೆದುಕೊಳ್ಳುತ್ತಾರಾ? — ಹುಬ್ಬಳ್ಳಿ

ಬೇಸಿಗೆಗೆ ಮತ್ತೆ ಬಿಡುತ್ತದೆ ಅಂತ ಬರೆದಿರಲ್ಲ, ಅರ್ಧ ಉತ್ತರ ಅದರಲ್ಲೇ ಇದೆ. ನಿಮ್ಮ ಮನೆ ಎರೆ ಮಣ್ಣಿನ, ಅಂದರೆ ಕಪ್ಪು ಜಿಗುಟು ಮಣ್ಣಿನ ಮೇಲೆ ಕೂತಿದೆ. ನವಲಗುಂದದ ಕಡೆ ಮೇ ತಿಂಗಳಲ್ಲಿ ಎರೆ ಹೊಲ ನೋಡಿದ್ದೀರಾ? ಕಾಲು ಸಿಕ್ಕಿಕೊಳ್ಳುವಷ್ಟು ಬಾಯಿ ಬಿಟ್ಟಿರುತ್ತದೆ. ಮಳೆ ಬಿದ್ದರೆ ಅದೇ ಮಣ್ಣು ನೀರು ಕುಡಿದು ಉಬ್ಬಿ ಕೂಡಿಕೊಳ್ಳುತ್ತದೆ. ಮನೆಯ ನಡುಭಾಗದ ಕೆಳಗಿನ ಮಣ್ಣಿಗೆ ಬಿಸಿಲೂ ಇಲ್ಲ, ಮಳೆಯೂ ಇಲ್ಲ, ಅದು ಸುಮ್ನೆ ಇರುತ್ತದೆ. ಸುತ್ತಲಿನ ಅಂಚಿನ ಮಣ್ಣು ಮಾತ್ರ ಏರುತ್ತದೆ, ಇಳಿಯುತ್ತದೆ. ಮನೆಯ ಮೂಲೆಗಳು ಅದರ ಜೊತೆ ಅಲುಗುತ್ತವೆ. ಗೋಡೆಯಲ್ಲಿ ಎಲ್ಲಿ ಬಲ ಕಡಿಮೆಯೋ ಅಲ್ಲಿ, ಅಂದರೆ ಕಿಟಕಿಯ ಮೂಲೆಯಲ್ಲಿ, ಬಿರುಕು ಬೀಳುತ್ತದೆ.

ಪುಟ್ಟಿ ತುಂಬುವುದು ಗಾಯದ ಮೇಲೆ ಪೌಡರ್ ಹಾಕಿದ ಹಾಗೆ. ಮಣ್ಣಿನ ಹಸಿ ಏರಿಳಿಯುವುದನ್ನು ತಡೆಯಬೇಕು.

ನಿಮ್ಮ ಮಾಳಿಗೆ (ತಾರಸಿ) 1,000 ಚದರಡಿ ಅಂತ ಹಿಡಿಯಿರಿ. ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದರ ಮೇಲೆ ಸುಮಾರು 93 ಲೀಟರ್ ನೀರು. ಒಂದು ಒಳ್ಳೆ ಮಳೆಗೆ 20 ಮಿಲಿಮೀಟರ್ ಬಿದ್ದರೆ 1,850 ಲೀಟರ್ ದಾಟುತ್ತದೆ. ಆ ನೀರನ್ನು ಇಳಿಸುವ ಪೈಪು ನಿಮ್ಮ ಮನೆಯಲ್ಲಿ ಎಲ್ಲಿಗೆ ಬಂದು ನಿಂತಿದೆ? ಎಷ್ಟೋ ಮನೆಗಳಲ್ಲಿ ಗೋಡೆಯ ಬುಡಕ್ಕೇ ಬಂದು ನಿಂತಿರುತ್ತದೆ. ಅಂದರೆ ಸಾವಿರ ಲೀಟರಿನ ಎರಡು ಟ್ಯಾಂಕು ಹೆಚ್ಚುಕಡಿಮೆ ತುಂಬುವಷ್ಟು ನೀರನ್ನು ನೀವೇ ಬುನಾದಿಗೆ ಕುಡಿಸುತ್ತಿದ್ದೀರಿ. ಇದನ್ನು ಮೊದಲು ಸರಿ ಮಾಡಿ. ಪೈಪಿಗೆ ಒಂದು ಸೋಸುವ ಡಬ್ಬ ಹಾಕಿ ನೆಲದ ಸಂಪಿನ ಕಡೆ ತಿರುಗಿಸಿ. ಹುಬ್ಬಳ್ಳಿಯಲ್ಲಿ ನಳಕ್ಕೆ ನೀರು ಬರುವ ದಿನ ಎಣಿಸಿಕೊಂಡು ಕೂತವರಿಗೆ ಮಳೆ ನೀರಿನ ಬೆಲೆ ನಾನು ಹೇಳಬೇಕಾ? ಬಟ್ಟೆ, ಪಾತ್ರೆ, ಸಂಡಾಸಿಗೆ ಧಾರಾಳ ಆಗುತ್ತದೆ. ಮೊದಲ ಮಳೆಯ ಕೊಳೆ ನೀರು ಮಾತ್ರ ಹೊರಗೆ ಬಿಡಿ. ಕುಡಿಯುವ ನೀರಿಗೂ ಅದೇ ಸಂಪು ಆಗಿದ್ದರೆ ಇದಕ್ಕೆ ಬೇರೆ ಟ್ಯಾಂಕ್ ಇಡಿ.

ಎರಡನೆಯದು ಮನೆಯ ಸುತ್ತ ಪಟ್ಟಿ. ಗೋಡೆಗೆ ಹೊಂದಿಕೊಂಡು ಮೂರರಿಂದ ನಾಲ್ಕು ಅಡಿ ಅಗಲ ಮಣ್ಣು ತೆಗೆದು, ಗರಸು (ಗಡಸು ಜಲ್ಲಿ ಮಣ್ಣು) ತುಂಬಿ ಕುಟ್ಟಿ, ಮೇಲೆ ಕಾಂಕ್ರೀಟ್ ಹಾಕಬೇಕು. ಇಳಿಜಾರು ಹೊರಗಡೆಗೆ ಇರಲಿ. ಪಟ್ಟಿಗೂ ಗೋಡೆಗೂ ನಡುವಿನ ಸಂದಿಗೆ ಡಾಂಬರು ತುಂಬಿ. ಮಳೆ ನೀರು ಗೋಡೆ ಬುಡಕ್ಕೆ ಇಳಿಯುವುದಿಲ್ಲ, ಬೇಸಿಗೆಯಲ್ಲಿ ಬುಡದ ಹಸಿ ಬೇಗ ಆರುವುದೂ ಇಲ್ಲ. ಇಡೀ ಮನೆಗೆ ಒಮ್ಮೆಲೇ ಆಗದಿದ್ದರೆ ಬಿರುಕು ಜಾಸ್ತಿ ಇರುವ ಮೂಲೆಯಿಂದ ಶುರು ಮಾಡಿ.

ಮತ್ತೆ, ಕಾಂಪೌಂಡಿನೊಳಗೆ ಗೋಡೆಗೆ ಅಂಟಿಕೊಂಡು ದೊಡ್ಡ ಮರ ಇದೆಯೇ? ಅದು ಬೇಸಿಗೆಯಲ್ಲಿ ಬುನಾದಿಯ ಹಸಿಯನ್ನೇ ಹೀರುತ್ತದೆ. ಆದರೆ ಒಮ್ಮೆಲೇ ಕಡಿದು ಹಾಕಬೇಡಿ. ಅದು ಹೀರುತ್ತಿದ್ದ ನೀರೆಲ್ಲ ಮಣ್ಣಿನಲ್ಲೇ ಉಳಿದು ಮಣ್ಣು ಉಬ್ಬುತ್ತದೆ. ಕೊಂಬೆ ಸವರುತ್ತಾ ಇರಿ.

ಬೀಳುತ್ತದಾ ಅಂತ ಕೇಳಿದಿರಿ. ಬಿರುಕಿನ ಎರಡೂ ಕಡೆ ಪೆನ್ಸಿಲ್‌ನಿಂದ ಗೆರೆ ಹಾಕಿ, ನಡುವಿನ ಅಳತೆ ಮತ್ತು ತಾರೀಖು ಗೋಡೆ ಮೇಲೇ ಬರೆಯಿರಿ. ತಿಂಗಳಿಗೊಮ್ಮೆ ನೋಡಿ. ಮಳೆಗಾಲಕ್ಕೆ ಕೂಡಿ ಬೇಸಿಗೆಗೆ ಬಿಟ್ಟರೆ ಅದು ಮಣ್ಣಿನ ಆಟ, ಪಟ್ಟಿ ಹಾಕಿದ ಮೇಲೆ ಕಡಿಮೆ ಆಗುತ್ತದೆ. ಒಂದು ವರ್ಷ ನೋಡಿ, ಆಮೇಲೆ ರಬ್ಬರಿನ ಹಾಗೆ ಹಿಗ್ಗುವ ಸೀಲೆಂಟ್ ತುಂಬಿಸಿ. ಅದು ಬಿಟ್ಟು ಒಂದೇ ಸಮನೆ ಅಗಲವಾಗುತ್ತಿದ್ದರೆ, ಒಂದು ರೂಪಾಯಿಯ ಮೂರು ನಾಣ್ಯ ಒಟ್ಟಿಗೆ ಹಿಡಿದು ತೂರಿಸಬಹುದಾದರೆ, ಅಂದರೆ ಸುಮಾರು 4–5 ಮಿಲಿಮೀಟರ್, ಅಥವಾ ಬಾಗಿಲು ಹಾಕಲು ಬಾರದಂತಾದರೆ, ಸ್ಟ್ರಕ್ಚರಲ್ ಎಂಜಿನಿಯರನ್ನು ಕರೆಯಿರಿ. ಆಗ ಪತ್ರ ಬರೆದು ಕಾಯಬೇಡಿ.

ಮಾರುವಾಗ ಬಿರುಕು ಮುಚ್ಚಿಡಬೇಡಿ. ಆ ಪೆನ್ಸಿಲ್ ಗೆರೆ, ತಾರೀಖು ಹಾಗೇ ಬಿಟ್ಟು ತೋರಿಸಿ. ಹೀಗೆ ತೋರಿಸಿದ ಒಬ್ಬರ ಮನೆಗೆ ನಾನೇ ಬೆಲೆ ಕಟ್ಟಿದ್ದೇನೆ. ತೆಗೆದುಕೊಳ್ಳಲು ಬಂದವರು ಚೌಕಾಶಿ ಮಾಡಿದರು, ಬಿಟ್ಟು ಹೋಗಲಿಲ್ಲ.

ನಮ್ಮದು ನೇಕಾರರ ಮನೆ. ಬೆಟಗೇರಿಯಲ್ಲಿ ಅಜ್ಜನ ಕಾಲದ ಮೇಲ್ಮುದ್ದೆ (ಮಣ್ಣಿನ ಮಾಳಿಗೆಯ) ಮನೆ, ಎರಡು ಅಡಿ ದಪ್ಪದ ಮಣ್ಣಿನ ಗೋಡೆ. ಮಧ್ಯಾಹ್ನವೂ ಲೈಟ್ ಬೇಕು. ಮಗ್ಗ ನಿಂತು ಹನ್ನೆರಡು ವರ್ಷ ಆಯಿತು, ಮಗ್ಗದ ಗುಂಡಿ ಹಾಗೇ ಇದೆ, ಮೊಮ್ಮಕ್ಕಳು ಬೀಳುತ್ತಾರೆಂದು ಭಯ. ಸಿಮೆಂಟ್ ಗಿಲಾವ್ (ಪ್ಲಾಸ್ಟರ್) ಮಾಡಿಸಿ ಸ್ಲ್ಯಾಬ್ ಹಾಕಿಸೋಣ ಎನ್ನುತ್ತಾನೆ ಅಳಿಯ. ಕೈಯಲ್ಲಿ ಒಂದೂವರೆ ಲಕ್ಷ ಇದೆ. — ಗದಗ

ಹಿರಿಯರೇ, ನಾನು ಮಾಡಿದ ತಪ್ಪನ್ನು ಮೊದಲು ಹೇಳಿಬಿಡುತ್ತೇನೆ. ಗದಗದಲ್ಲಿ ನಮ್ಮದೂ ಇಂಥದೇ ಮನೆ. ಎಂಜಿನಿಯರಿಂಗ್ ಮುಗಿಸಿ ಬಂದ ಹುರುಪು ನನಗೆ. ಮಣ್ಣಿನ ಗೋಡೆಗೆ ಒಳಗೂ ಹೊರಗೂ ಸಿಮೆಂಟ್ ಗಿಲಾವ್ ಮಾಡಿಸಿದೆ. ಅಪ್ಪ ಬೇಡ ಅಂದರು, ನಾನು ಕೇಳಲಿಲ್ಲ. ಮೊದಲ ವರ್ಷ ಮನೆ ಬೆಣ್ಣೆ ಹಚ್ಚಿದ ಹಾಗೆ ಕಾಣುತ್ತಿತ್ತು. ಎರಡನೇ ಮಳೆಗಾಲಕ್ಕೆ ಗಿಲಾವ್ ಹೊಟ್ಟೆ ಉಬ್ಬಿಸಿಕೊಂಡಿತು. ಮೂರನೇ ವರ್ಷ ಒಂದು ರಾತ್ರಿ ಬಾಗಿಲಷ್ಟು ದೊಡ್ಡ ಚಕ್ಕೆ ದಡ್ ಅಂತ ಬಿತ್ತು. ಅಪ್ಪ ಎದ್ದು ಬಂದು ನೋಡಿ, ಏನೂ ಅನ್ನದೆ ಹೋಗಿ ಮಲಗಿದರು.

ಮಣ್ಣಿನ ಗೋಡೆ ಕೆಳಗಿನಿಂದ ಹಸಿ ಎಳೆದುಕೊಂಡು ಮೈಯಿಂದ ಹೊರಗೆ ಬಿಡುತ್ತದೆ. ಸಿಮೆಂಟ್ ಬಳಿದರೆ ಆ ದಾರಿ ಮುಚ್ಚುತ್ತದೆ. ಹಸಿ ಒಳಗೇ ನಿಂತು ಮಣ್ಣು ಸಡಿಲಾಗುತ್ತದೆ, ಜಂತಿಯ ತುದಿ ಕೊಳೆಯುತ್ತದೆ, ಗೆದ್ದಲಿಗೆ ಹಬ್ಬ. ಗಿಲಾವ್ ಬೇಕೇ ಬೇಕು ಅಂದರೆ ಮಣ್ಣಿಗೆ ಸುಣ್ಣ ಸೇರಿಸಿ ಮಾಡಿಸಿ, ಮೇಲೆ ಸುಣ್ಣವನ್ನೇ ಹೊಡೆಸಿ. ಎಮಲ್ಷನ್ ಪೇಂಟ್ ಬೇಡ.

ಸ್ಲ್ಯಾಬಿನ ಮಾತು ಬಿಡಿ. ಇಂಥ ಬಹಳ ಮನೆಗಳಲ್ಲಿ ಮಾಳಿಗೆಯ ಭಾರ ಹೊತ್ತಿರುವುದು ಗೋಡೆಯಲ್ಲ, ಕಂಬ ಮತ್ತು ತೊಲೆ. ಕಂಬ ತೆಗೆದು ಮಣ್ಣಿನ ಗೋಡೆ ಮೇಲೆ ಸ್ಲ್ಯಾಬ್ ಕೂರಿಸಬಾರದು. ಹೊಸ ಬುನಾದಿ, ಹೊಸ ಪಿಲ್ಲರ್ ಬೇಕು. ಒಂದೂವರೆ ಲಕ್ಷ ಯಾತಕ್ಕೂ ಸಾಲದು, ಅರ್ಧಕ್ಕೆ ನಿಂತ ಮನೆಯಲ್ಲಿ ಮಳೆಗಾಲ ಕಳೆಯಬೇಕಾಗುತ್ತದೆ. ಮಾಳಿಗೆ ಮೇಲೆ ಹುಲ್ಲು ಬೆಳೆದಿದ್ದರೆ ಬೇರು ಸಮೇತ ಕಿತ್ತು, ಮುಂಗಾರಿಗೆ ಮೊದಲು ಸವಳು ಮಣ್ಣು ಹಾಕಿಸಿ. ಸವಳಿನ ಗುಣ ನಿಮಗೇ ಗೊತ್ತು. ನೀರು ಬಿದ್ದರೆ ಅದರ ಸಣ್ಣ ಕಣಗಳು ಬಿಡಿಬಿಡಿಯಾಗಿ ಹರಡಿ ಸಂದು ಮುಚ್ಚುತ್ತವೆ. ನೀರು ಬೀಳುವ ದೋಣಿ ಗೋಡೆಯಿಂದ ಎರಡು ಅಡಿಯಾದರೂ ಮುಂದೆ ಚಾಚಿರಬೇಕು.

ಬೆಳಕಿಗೆ ಬೆಳಕಿಂಡಿಯೇ ಒಳ್ಳೆಯದು. ಎರಡು ಜಂತಿಗಳ ನಡುವೆ ಮಾಡಿಸಿ, ಜಂತಿ ಕೊಯ್ಯಬೇಡಿ. ಸುತ್ತ ಮುಕ್ಕಾಲು ಅಡಿ ಕಟ್ಟೆ ಎತ್ತರಿಸಿ, ಮೇಲೆ ದಪ್ಪ ಟಫನ್ಡ್ ಗಾಜು ಇಳಿಜಾರಾಗಿ ಕೂರಿಸಿ. ಇನ್ನೊಂದು ಉಪಾಯ ನಮ್ಮಪ್ಪನದು. ಕಿಟಕಿ ದೊಡ್ಡದು ಮಾಡದೆ, ಒಳಗಡೆಯ ಗೋಡೆಯ ಅಂಚುಗಳನ್ನು ಮಾತ್ರ ಮೊರದ ಹಾಗೆ ಅಗಲಕ್ಕೆ ಕೆತ್ತಿ ಸುಣ್ಣ ಹೊಡೆಯುತ್ತಿದ್ದರು. ಎರಡು ಅಡಿ ದಪ್ಪದ ಗೋಡೆಯಲ್ಲಿ ಅದೇ ಕಿಟಕಿಯಿಂದ ಎಷ್ಟು ಬೆಳಕು ಒಳಗೆ ಬರುತ್ತದೆ ಅಂದರೆ, ನೀವೇ ನೋಡಿ. ಮೇಲಿನ ಅಂಚನ್ನು, ತೊಲೆ ಕೂತಿರುವ ಜಾಗವನ್ನು ಮಾತ್ರ ಮುಟ್ಟಬಾರದು.

ಮಗ್ಗದ ಗುಂಡಿಗೆ ಗರಸು ತುಂಬಿ, ಅರ್ಧ ಅಡಿಗೊಮ್ಮೆ ನೀರು ಚಿಮುಕಿಸಿ ಕುಟ್ಟಿಸಿ. ಎರೆ ಮಣ್ಣು ತುಂಬಬೇಡಿ, ಉಬ್ಬಿ ಫರಸಿ ಎತ್ತುತ್ತದೆ. ಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆ, ಉಸುಕು, ಫರಸಿ. ಇದೆಲ್ಲ ಸೇರಿ ನಿಮ್ಮ ದುಡ್ಡಿನೊಳಗೆ ಆಗುತ್ತದೆ. ಅಳಿಯನಿಗೆ ಬೇಜಾರಾದರೆ ನನ್ನ ಗಿಲಾವ್ ಕಥೆ ಹೇಳಿ.

ಮನೆ ಮೇಲೆ ಸೋಲಾರ್ ಹಾಕಿಸಿದರೆ ಮನೆಯ ಬೆಲೆ ಹೆಚ್ಚುತ್ತದೆ, ಬಿಲ್ಲೂ ಬರುವುದಿಲ್ಲ ಎಂದು ಒಬ್ಬರು ದಿನಾ ಬರುತ್ತಿದ್ದಾರೆ. ನಮ್ಮ ಮನೆಗೆ ತಿಂಗಳಿಗೆ 90 ಯೂನಿಟ್ ಖರ್ಚಾಗುತ್ತದೆ. — ಹಾವೇರಿ

ಈಗ ನಿಮಗೆ ಬಿಲ್ ಎಷ್ಟು ಬರುತ್ತಿದೆ, ಅದನ್ನು ಮೊದಲು ನೋಡಿ. ಗೃಹಜ್ಯೋತಿಯಲ್ಲಿ ಇದ್ದರೆ ಸೊನ್ನೆ ಅಲ್ವಾ? ಸೊನ್ನೆಯಲ್ಲಿ ಇನ್ನೇನು ಉಳಿಸುತ್ತೀರಿ?

ಪಿಎಂ ಸೂರ್ಯಘರ್ ಯೋಜನೆ 2024ರಲ್ಲಿ ಬಂತು. 1 ಕಿಲೋವಾಟ್‌ಗೆ 30,000, 2 ಕಿಲೋವಾಟ್‌ಗೆ 60,000, 3 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ 78,000 ರೂಪಾಯಿ ಸಬ್ಸಿಡಿ. ಒಂದು ಕಿಲೋವಾಟ್ ಒಳ್ಳೆ ಬಿಸಿಲಿನ ದಿನ ಸುಮಾರು 4 ಯೂನಿಟ್ ಕೊಡುತ್ತದೆ. ತಿಂಗಳಿಗೆ 300–400 ಯೂನಿಟ್ ಸುಡುವ, ಹೆಸ್ಕಾಂಗೆ ಪೂರ್ತಿ ಬಿಲ್ ಕಟ್ಟುವ ಮನೆಗೆ ಇದು ಚೆಂದದ ಲೆಕ್ಕ. ನಿಮಗಲ್ಲ. ಆ ದುಡ್ಡಿನ ಒಂದು ಸಣ್ಣ ಪಾಲಿನಲ್ಲಿ ಅರ್ಥಿಂಗ್ ಸರಿ ಮಾಡಿಸಿ, ಮೇನ್ ಬೋರ್ಡಿಗೆ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ ಹಾಕಿಸಿ. ಕರೆಂಟ್ ಸೋರಿದ ಕೂಡಲೇ ಅದು ತಾನಾಗೇ ಲೈನ್ ಕಡಿಯುತ್ತದೆ, ಒದ್ದೆ ಕೈಯಲ್ಲಿ ಸ್ವಿಚ್ ಮುಟ್ಟಿದಾಗ ಜೀವ ಉಳಿಸುವುದು ಅದೇ.

ಬೇಸಿಗೆಯ ಧಗೆಗೆ ಏನಾದರೂ ಮಾಡಬೇಕು ಎಂದೂ ಬರೆದಿದ್ದೀರಿ. ಮಾರ್ಚ್ ಬರುತ್ತಿದ್ದಂತೆ ತಾರಸಿ ಗುಡಿಸಿ ತೊಳೆದು, ಸುಣ್ಣಕ್ಕೆ ಸ್ವಲ್ಪ ಅಂಟು ಬೆರೆಸಿ ಎರಡು ಕೈ ಹೊಡೆಯಿರಿ. ಮಧ್ಯಾಹ್ನ ಎರಡಕ್ಕೆ ನಿಮ್ಮ ತಾರಸಿ ಮೇಲೆ ಬರಿಗಾಲಲ್ಲಿ ನಿಲ್ಲಿ, ಆಮೇಲೆ ಪಕ್ಕದ ಮನೆಯವರದರ ಮೇಲೆ ನಿಲ್ಲಿ. ಬೇರೆ ಮೀಟರ್ ಬೇಕಾಗಿಲ್ಲ.

ಬಚ್ಚಲು ಈಶಾನ್ಯದಲ್ಲಿದೆ. ಒಡೆದು ಬೇರೆ ಕಡೆ ಕಟ್ಟಿಸದಿದ್ದರೆ ಮನೆ ಮಾರಾಟವೇ ಆಗುವುದಿಲ್ಲ ಎಂದು ವಾಸ್ತು ನೋಡುವವರು ಹೇಳಿದ್ದಾರೆ. — ಕೇಶ್ವಾಪುರ, ಹುಬ್ಬಳ್ಳಿ

ವಾಸ್ತು ಕೇಳುವ ಗಿರಾಕಿಗಳು ಇದ್ದಾರೆ, ಅದು ಸುಳ್ಳಲ್ಲ. ಆದರೆ ನೀವು ಒಡೆದು ಕಟ್ಟಿದ್ದನ್ನು ಅವರ ವಾಸ್ತುವಿನವರು ಬಂದು ಮತ್ತೆ ತಪ್ಪು ಅನ್ನುವುದಿಲ್ಲ ಎಂದು ಯಾರು ಬರೆದುಕೊಡುತ್ತಾರೆ? ಬಚ್ಚಲು ಚೊಕ್ಕ ಇಡಿ, ಒಡೆಯುವ ಕೆಲಸ ಕೊಂಡವರಿಗೇ ಬಿಡಿ.

ರಾಣೆಬೆನ್ನೂರು ತಾಲೂಕಿನ ಹಳ್ಳಿಯಲ್ಲಿ ಮನೆ ಇದೆ. ಉತಾರ (ಮನೆಯ ಆಸ್ತಿ ದಾಖಲೆ) ಇನ್ನೂ ತೀರಿಕೊಂಡ ಅಪ್ಪನ ಹೆಸರಲ್ಲಿದೆ. ನಾವು ಇಬ್ಬರು ಅಣ್ಣತಮ್ಮಂದಿರು, ಇಬ್ಬರು ಅಕ್ಕಂದಿರು. ಮಾರುವ ಮೊದಲು ಮುಂದೆ ಎರಡು ಕೋಣೆ ಎಳೆದರೆ ಹೇಗೆ?

ತಮ್ಮಾ, ಒಂದು ಇಟ್ಟಿಗೆಯನ್ನೂ ಇಡಬೇಡ. ನೀನು ಎರಡು ಕೋಣೆಗೆ ಹಾಕುವ ದುಡ್ಡಿನ ನೂರರಲ್ಲಿ ಒಂದೆರಡು ಪಾಲು ಕಾಗದಕ್ಕೆ ಹಾಕಿದರೆ ಬೆಲೆ ಅದಕ್ಕಿಂತ ಹೆಚ್ಚು ಏರುತ್ತದೆ. ಬ್ಯಾಂಕಿಗಾಗಿ ನೋಡಲು ಹೋದ ಎಷ್ಟೋ ಮನೆಗಳನ್ನು ನಾನು ಅಳತೆ ಟೇಪ್ ತೆಗೆಯದೇ ಬಿಟ್ಟು ಬಂದಿದ್ದೇನೆ. ಮನೆ ಗಟ್ಟಿಯಾಗಿತ್ತು, ಉತಾರದಲ್ಲಿ ಮಾತ್ರ ಅಜ್ಜ ಇನ್ನೂ ಬದುಕಿದ್ದ! ಸಾಲ ಸಿಗದ ಮನೆಗೆ ಕೈಯಲ್ಲಿ ಪೂರ್ತಿ ನಗದು ಇರುವವನೇ ಬರಬೇಕು. ಅವನು ಕೇಳುವ ಬೆಲೆ ಹೇಗಿರುತ್ತದೆ ಅಂತ ಊಹಿಸಿಕೋ.

ಅಪ್ಪನ ಮರಣ ಪತ್ರ, ನಾಡಕಚೇರಿಯಿಂದ ವಂಶವೃಕ್ಷ ತೆಗೆದುಕೊಂಡು ಪಂಚಾಯಿತಿಯಲ್ಲಿ ವಾರಸಾ ಮಾಡಿಸು, ಅಂದರೆ ವಾರಸುದಾರರ ಹೆಸರು ಏರಿಸು. ಅವ್ವ ಇದ್ದರೆ ಅವರ ಹೆಸರೂ ಬರಬೇಕು. ಅಕ್ಕಂದಿರಿಗೂ ನಿಮ್ಮಷ್ಟೇ ಹಕ್ಕಿದೆ. ಬೇಡ ಎನ್ನುತ್ತಾರೆ ಎಂಬ ಬಾಯಿ ಮಾತು ನಡೆಯುವುದಿಲ್ಲ. ಅವರು ಮನಸಾರೆ ಬಿಟ್ಟುಕೊಡುವುದಾದರೆ ಹಕ್ಕು ಬಿಡುಗಡೆ ಪತ್ರ ನೋಂದಣಿ ಆಗಬೇಕು. ಇಲ್ಲವಾದರೆ ಮಾರುವ ದಿನ ಬಂದು ಸಹಿ ಹಾಕಿ ತಮ್ಮ ಪಾಲು ತೆಗೆದುಕೊಂಡು ಹೋಗಲಿ, ಅದೇ ನೆಟ್ಟಗೆ. ಆಮೇಲೆ ಇ-ಸ್ವತ್ತಿನಲ್ಲಿ (ಪಂಚಾಯಿತಿ ಆಸ್ತಿಗಳ ಕಂಪ್ಯೂಟರ್ ದಾಖಲೆ) ನಮೂನೆ 9 ಮತ್ತು 11ಎ ತೆಗೆಸು. ಅದರಲ್ಲಿ ಬರೆದ ಅಳತೆಯೂ ನಿಂತ ಮನೆಯ ಅಳತೆಯೂ ಒಂದೇ ಇದೆಯಾ ಅಂತ ಟೇಪ್ ಹಿಡಿದು ನೋಡು. ಚೆಕ್ಕುಬಂದಿಯಲ್ಲಿ ಪಕ್ಕದವರ ಹೆಸರು ಹಳೆಯದಿದ್ದರೆ ಅದನ್ನೂ ಸರಿ ಮಾಡಿಸು. ಹುಬ್ಬಳ್ಳಿ ಧಾರವಾಡದ ಓದುಗರಿಗೂ ಇದೇ ಮಾತು, ನಿಮ್ಮ ಕಡೆ ಸಿಟಿ ಸರ್ವೆ ಉತಾರ ಮತ್ತು ಇ-ಖಾತಾ ನೋಡಿಕೊಳ್ಳಿ.

ಯಜಮಾನರು ಹೋದ ಮೇಲೆ ಮೇಲಿನ ಮೂರು ಕೋಣೆ ಖಾಲಿ ಇವೆ. ಪರೀಕ್ಷೆಗೆ ಓದುವ ಹುಡುಗಿಯರಿಗೆ ಬಾಡಿಗೆ ಕೊಡಬೇಕೆಂದಿದ್ದೇನೆ. ಏನೇನು ಮಾಡಿಸಬೇಕು? — ಸಪ್ತಾಪುರ, ಧಾರವಾಡ

ಅಕ್ಕಾ, ಒಳ್ಳೆ ವಿಚಾರ. ಸಪ್ತಾಪುರದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಮಕ್ಕಳು ಕೋಣೆಗಾಗಿ ಅಲೆಯುವುದನ್ನು ದಿನಾ ನೋಡುತ್ತೇನೆ. ಅವರಿಗೆ ಮಂಚ, ಕಪಾಟು ಹೇಗಿದ್ದರೂ ನಡೆಯುತ್ತದೆ. ಬೇಕಾದದ್ದು ನೀರು, ಓದಲು ಬೆಳಕು, ಒಳಗಿನಿಂದ ಗಟ್ಟಿ ಚಿಲಕ.

ಕೋಣೆಗೆ ಇಬ್ಬರಂತೆ ಆರು ಜನ. ಒಬ್ಬರಿಗೆ ದಿನಕ್ಕೆ 100 ಲೀಟರ್ ಹಿಡಿಯಿರಿ. ಐದು ದಿನ ನಳ ಬರದಿದ್ದರೆ 3,000 ಲೀಟರ್ ಬೇಕು. ನಿಮ್ಮ ಮನೆ ಖರ್ಚು ಬೇರೆ. ಸಂಪು ಎಷ್ಟಿದೆ ನೋಡಿ, ಸಾಲದಿದ್ದರೆ ಮೊದಲ ದುಡ್ಡು ಅಲ್ಲಿಗೆ ಹೋಗಲಿ. ಟ್ಯಾಂಕನ್ನು ಸ್ಲ್ಯಾಬಿನ ನಡುವೆ ಇಡಬೇಡಿ, ಸಾವಿರ ಲೀಟರ್ ಅಂದರೆ ಒಂದು ಟನ್ ಭಾರ. ಕೆಳಗೆ ಗೋಡೆ ಅಥವಾ ತೊಲೆ ಇರುವ ಕಡೆ ಇಡಿಸಿ. ಆರು ಜನಕ್ಕೆ ಎರಡು ಸಂಡಾಸ್ ಬೇಕೇ ಬೇಕು, ಬಚ್ಚಲು ಬೇರೆ ಇರಲಿ, ಬೆಳಗ್ಗೆ ಜಗಳ ತಪ್ಪುತ್ತದೆ. ಓದುವ ಮೇಜಿನ ಮೇಲೆ ಒಂದೊಂದು ದೀಪ, ಒಂದೊಂದು ಪ್ಲಗ್. ಮೇಲಿನ ಮೀಟರ್ ಬೇರೆ ಮಾಡಿಸಿ. ಮೆಟ್ಟಿಲು ಹೊರಗಿನಿಂದ ಇದೆ ಎಂದಿದ್ದೀರಿ, ಅದಕ್ಕೆ ಕಟಾಂಜನ (ಕೈಹಿಡಿಯ ಕಂಬಿ), ಬಾಗಿಲಿಗೆ ದೀಪ ಹಾಕಿಸಿ. ಬಣ್ಣ ಹಳೆಯದಿದ್ದರೂ ಬಾಡಿಗೆ ಕಡಿಮೆಯಾಗುವುದಿಲ್ಲ.

(ಒಂದು ಲಕೋಟೆಯಲ್ಲಿ ಬರೀ ಫೋಟೊ ಇತ್ತು. ಹೆಸರಿಲ್ಲ, ಪ್ರಶ್ನೆಯೂ ಇಲ್ಲ. ಲಕ್ಷ್ಮೇಶ್ವರದ ಅಂಚೆ ಮುದ್ರೆ. ಹೊರಗೋಡೆಯ ಬುಡದಲ್ಲಿ ಬಣ್ಣ ಹಪ್ಪಳದಂತೆ ಎದ್ದ ಚಿತ್ರ.)

ಬರೆದವರು ಯಾರೋ ಮಾತು ಕಡಿಮೆಯವರು, ಇರಲಿ. ಹಸಿ ಎಲ್ಲಿ ಕಾಣುತ್ತದೆ ಎನ್ನುವುದರ ಮೇಲೆ ಅದು ಎಲ್ಲಿಂದ ಬಂತು ಎಂದು ಹೇಳಬಹುದು. ಮಾಳಿಗೆಯ ಮೂಲೆಯಲ್ಲಿ ಇದ್ದರೆ ಮೇಲೆ ನೀರು ನಿಲ್ಲುತ್ತಿದೆ. ಗೋಡೆಯ ನಡುವೆ ಗುಂಡಗೆ ಹರಡಿದ್ದರೆ ಪೈಪಿನ ಜೋಡಣೆ ಸೋರುತ್ತಿದೆ. ನೆಲದಿಂದ ಮೊಣಕಾಲೆತ್ತರದವರೆಗೆ ಒಂದೇ ಸಮನೆ ಇದ್ದು ಬಿಳಿ ಉಪ್ಪು ಕಾಣಿಸಿದರೆ ನೆಲದ ಹಸಿ ಮೇಲೇರುತ್ತಿದೆ. ನಿಮ್ಮದು ಮೂರೂ ಅಲ್ಲ. ಗೋಡೆ ಉದ್ದಕ್ಕೂ ಚೆನ್ನಾಗಿದೆ, ಮೂರು ಅಡಿ ಜಾಗದಲ್ಲಿ ಮಾತ್ರ ಬಣ್ಣ ಎದ್ದಿದೆ. ಫೋಟೊದ ಎಡಗಡೆ ಅಂಚಿನಲ್ಲಿ ತುಳಸಿ ಕಟ್ಟೆ ಅರ್ಧ ಕಾಣುತ್ತಿದೆ, ಗೋಡೆಗೆ ಅಂಟಿಕೊಂಡೇ ಇದೆ. ದಿನಾ ಬೆಳಗ್ಗೆ ಹಾಕುವ ಒಂದು ತಂಬಿಗೆ ನೀರು ಅಲ್ಲಿಗೇ ಹೋಗುತ್ತಿದೆ. ಒಳ್ಳೆಯ ದಿನ ನೋಡಿ ಕಟ್ಟೆಯನ್ನು ಎರಡು ಅಡಿ ಆಚೆ ಸರಿಸಿ. ಬಣ್ಣ ಮಾತ್ರ ಈಗಲೇ ಹಚ್ಚಬೇಡಿ, ಗೋಡೆ ಒಂದು ಬೇಸಿಗೆ ಪೂರ್ತಿ ಒಣಗಲಿ.